ನಮ್ಮ ಬಚ್ಚಲು ದೊಡ್ಡದಾದ ಬಗೆ

ಫೋನಿನಲ್ಲಿ ಎರಡು ವೀಡಿಯೊ ನೋಡಿದರೆ ಸಾಕು, ಆ ವಿಷಯದಲ್ಲಿ ನಾನು ಪಂಡಿತನಾಗಿಬಿಡುತ್ತೇನೆ. ಇದು ನನ್ನ ಹುಟ್ಟುಗುಣ. ಅದರ ಮೇಲೆ ಹೈಸ್ಕೂಲಿನ ಗಣಿತದ ಮೇಷ್ಟ್ರು ಬೇರೆ; ಉದ್ದ ಅಗಲದ ವಿಚಾರದಲ್ಲಿ ನನಗೆ ಬುದ್ಧಿ ಹೇಳುವವರು ಶಿಡ್ಲಘಟ್ಟದಲ್ಲಿ ಇನ್ನೂ ಹುಟ್ಟಿಲ್ಲವೆಂಬ ಧೈರ್ಯ. ಹಾಗಾಗಿ ನಾಲ್ಕಡಿ ಅಗಲ, ಆರಡಿ ಉದ್ದದ ನಮ್ಮ ಬಚ್ಚಲನ್ನು ಒಂದು ಗೋಡೆಯನ್ನೂ ಒಡೆಯದೆ ದೊಡ್ಡದು ಮಾಡುತ್ತೇನೆಂದು ಮನೆಯಲ್ಲಿ ಘೋಷಿಸಿಬಿಟ್ಟೆ.

ಚಿಂತಾಮಣಿಯಿಂದ ಬಿಳಿ ಟೈಲ್ಸ್ ತಂದೆ. ನೀರಿನ ಡ್ರಮ್ಮು, ಬಟ್ಟೆ ಒಗೆಯುವ ಕಲ್ಲು ಹಿತ್ತಲಿಗೆ ಹೋದವು. ಒಂದು ಗೋಡೆಗೆ ಉದ್ದನೆಯ ಕನ್ನಡಿ. ಸ್ನಾನದ ಜಾಗಕ್ಕೂ ಕಮೋಡಿಗೂ ನಡುವೆ ಗಾಜಿನ ತಡೆ. ಗಾರೆ ಕೆಲಸದ ಮುನಿರಾಜು ಗಾಜು ನೋಡಿ ತಲೆ ಕೆರೆದುಕೊಂಡ. "ಸಾರ್, ಇದು ಬಂದ್ರೆ ಅಮ್ಮೋರಿಗೆ ನೀರು ಹುಯ್ಯೋರು ಎಲ್ಲಿ ನಿಂತ್ಕೋತಾರೆ?"

"ಶವರ್ ಇದೆಯಲ್ಲಪ್ಪ, ಅದೇ ಹುಯ್ಯುತ್ತೆ" ಎಂದೆ.

"ಮೀ ಇಷ್ಟಂ ಸಾರ್" ಎಂದು ಗಾಜು ಕೂರಿಸಿದ. ವಾದ ಸಾಕೆನಿಸಿದಾಗ ಅವನು ತೆಲುಗಿಗೆ ಇಳಿಯುತ್ತಾನೆ.

ಬಚ್ಚಲು ನಿಜಕ್ಕೂ ಎರಡರಷ್ಟು ಕಾಣುತ್ತಿತ್ತು. ನೆಂಟರು ಬಂದರೆ ಕಾಫಿಗೆ ಮೊದಲು ಬಚ್ಚಲು ತೋರಿಸುತ್ತಿದ್ದೆ.

ಶುಕ್ರವಾರ ಬಂತು. ಶುಕ್ರವಾರವೆಂದರೆ ಅಮ್ಮನ ಎಣ್ಣೆಸ್ನಾನ. ಅಮ್ಮ ಮಣೆಯ ಮೇಲೆ ಕೂರುವುದು, ನನ್ನ ಹೆಂಡತಿ ಸುಜಾತಾ ಹರಳೆಣ್ಣೆ ತಿಕ್ಕಿ, ಸೀಗೇಪುಡಿ ಹಾಕಿ ಬೆನ್ನುಜ್ಜಿ ನೀರು ಹುಯ್ಯುವುದು. ಆ ದಿನ ಅಮ್ಮ ಕೂತಮೇಲೆ ಸುಜಾತಾಗೆ ಕಾಲಿಡಲು ಜಾಗವಿಲ್ಲ. ಗಾಜಿನ ಈಚೆಯಿಂದಲೇ ಕೈ ಚಾಚಿದಳು. ಅರ್ಧ ನೀರು ಕಮೋಡಿನ ಮೇಲೆ.

"ಇದೇನಮ್ಮ ಸುಜಾತಾ, ಬಸ್ ಕಿಟಕೀಲಿ ಟವೆಲ್ ಹಾಕ್ದಂಗೆ ನೀರು ಹಾಕ್ತೀಯ?" ಎಂಬ ಅಮ್ಮನ ದನಿ ಕೇಳಿಸಿತು. ಹೊರಗೆ ಬಂದವಳು ನನ್ನನ್ನು ನೋಡಿ, "ನೋಡಕ್ಕೆ ದೊಡ್ಡದಾಗೈತೆ ಕಣಪ್ಪ. ಇಬ್ರು ಹಿಡಿಯಲ್ಲ, ಅಷ್ಟೇ. ಇನ್ಮೇಲೆ ನಾನೊಬ್ಳೇ ಹುಯ್ಕೋತೀನಿ ಬಿಡು" ಎಂದಳು.

ಸಾದಲಿಯ ನಮ್ಮ ಹಳೆಯ ಮನೆಯಲ್ಲಿ ರೇಷ್ಮೆಹುಳಕ್ಕೆ ನಡುಮನೆ ಬಿಟ್ಟುಕೊಟ್ಟು, ನಾವೆಲ್ಲ ಅಡುಗೆಮನೆಯಲ್ಲಿ ಒತ್ತೊತ್ತಾಗಿ ಮಲಗುತ್ತಿದ್ದೆವು. ಆಗಲೂ ಜಾಗ ಸಾಲದೆಂದು ಗೊಣಗದ ಅಮ್ಮ ಇವಳು. ಮುಂದಿನ ಎರಡು ಶುಕ್ರವಾರ ಬೆನ್ನಿಗೆ ಎಣ್ಣೆಯಿಲ್ಲದೆ, ನೋಯುವ ಮಂಡಿ ಹಿಡಿದುಕೊಂಡು ಶವರ್ ಕೆಳಗೆ ನಿಂತು ಬಂದಳು. ಅವಳ ಮುಖ ನೋಡಿ ನನಗೆ ಸಂಕಟವಾಯಿತು.

ಅದಕ್ಕಿಂತ ದೊಡ್ಡ ಆಪತ್ತು ಆ ಎರಡನೆಯ ಶುಕ್ರವಾರದ ಊಟದ ಹೊತ್ತಿಗೆ ಕಾದಿತ್ತು. ವಾರವಿಡೀ ನನ್ನ ಬಗ್ಗೆ ಕೂಡಿಟ್ಟ ದೂರುಗಳನ್ನು ಅತ್ತೆ ಸೊಸೆ ಇಷ್ಟು ವರ್ಷ ಬಚ್ಚಲಿನಲ್ಲೇ ಹಂಚಿಕೊಂಡು, ನೀರಿನ ಜೊತೆ ಹರಿಯಬಿಡುತ್ತಿದ್ದರಂತೆ. ಈಗ ಜಾಗವಿಲ್ಲದೆ ಎಲ್ಲವೂ ನನ್ನ ತಟ್ಟೆಯ ಮುಂದೆಯೇ ಶುರುವಾಯಿತು. ಒದ್ದೆ ಟವೆಲ್ ಮಂಚದ ಮೇಲೆ ಎಸೆಯುವುದರಿಂದ ಹಿಡಿದು ಮದುವೆಯ ದಿನ ತಡವಾಗಿ ಬಂದದ್ದರವರೆಗೆ ಒಂದೂ ಬಿಟ್ಟುಹೋಗಲಿಲ್ಲ. ಮೂರನೆಯ ದಿನ ಮುನಿರಾಜುವಿಗೆ ಫೋನ್ ಮಾಡಿದೆ. ಅವನು ಬಂದು ಗಾಜು ಬಿಚ್ಚಿದ.

ಮೊನ್ನೆ ಶುಕ್ರವಾರ ಇಬ್ಬರೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಗೆ ನಿಂತಿದ್ದ ನನಗೆ ನನ್ನ ಹೆಸರು ಎರಡು ಸಲ ಕೇಳಿಸಿತು, ಆಮೇಲೆ ಇಬ್ಬರೂ ಬಿದ್ದು ಬಿದ್ದು ನಕ್ಕರು. ಬಚ್ಚಲು ಎಷ್ಟು ವಿಶಾಲವಾಗಿದೆಯೆಂದು ಯಾರಾದರೂ ಹೊಗಳಿಯಾರೇನೋ ಎಂದು ನಾನು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.