ನಮ್ಮತ್ತೆಯ ಪಾಸು-ಫೇಲು

ಇಂಗ್ಲಿಷ್ ಕಲಿಯಲು ಇಪ್ಪತ್ತಾರು ಅಕ್ಷರ ಬೇಕು ಎನ್ನುವವರು ನಮ್ಮ ಸೋದರತ್ತೆಯನ್ನು ನೋಡಿಲ್ಲ! ಶಾಲೆಯ ಮೆಟ್ಟಿಲನ್ನೇ ಹತ್ತದ ಆಕೆ ಒಂದೇ ಪದದಲ್ಲಿ ಸಂಸಾರ ನಡೆಸಿದಳು. ಆ ಪದ 'ಪಾಸು'. ಅದಾಗದ್ದೆಲ್ಲ 'ಫೇಲು'.

ಮಾವನಿಗೆ ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ನೌಕರಿ. ಮದುವೆಯಾದ ಹೊಸತರಲ್ಲಿ ಅತ್ತೆ ಕೈಗೆ ರೈಲು ಪಾಸು ಬಂತು. ಟಿಕೆಟ್ಟಿಲ್ಲದೆ ಕೂತರೂ ಯಾರೂ ಇಳಿಸುವುದಿಲ್ಲವೆಂದರೆ ಅದೆಂಥ ಮಂತ್ರವಿರಬೇಕು! ಅಂದಿನಿಂದ ಹದವಾಗಿ ಉಬ್ಬಿದ ರೊಟ್ಟಿ ಪಾಸು. ಸೀದದ್ದು ಫೇಲು, ಅದು ಮಾವನ ತಾಟಿಗೆ. ಸೇಡಂ ಬಜಾರಿನಲ್ಲಿ ಬದನೆಕಾಯಿ ಹಿಚುಕಿ ಹಿಚುಕಿ ಪಾಸು-ಫೇಲು ಮಾಡುವಾಗ ವ್ಯಾಪಾರಿ ಕೈಮುಗಿದಿದ್ದ: "ಅಕ್ಕೋರೆ, ಪರೀಕ್ಷಾ ಸಾಕ್ರಿ, ಒಂದಿಷ್ಟು ತಗೋರಿ!"

ಒಮ್ಮೆ ಅತ್ತೆಗೆ ಜ್ವರ ಬಂದು ಡಾಕ್ಟರ ಬಳಿ ಹೋದೆವು. ಅವರು ಕೇಳಿದರು: "ಯೂರಿನ್ ಬರೋಬರಿ ಪಾಸ್ ಆಗ್ತದೇನ್ರಿ?"

ಯೂರಿನ್ ಎಂದರೆ ಡಾಕ್ಟರ ಮಗಳೇ ಇರಬೇಕೆಂದುಕೊಂಡಳು ಅತ್ತೆ. "ಯಾಕ ಆಗಂಗಿಲ್ರಿ? ಆಗೇ ಆಗ್ತಾಳ! ನೀವು ಹೊಡಿಬ್ಯಾಡ್ರಿ, ಅಷ್ಟ!"

ಇಂಥ ಅತ್ತೆ, ನನ್ನನ್ನು ನೋಡಲು ಚಿತ್ತಾಪುರದಿಂದ ಗಂಡಿನವರು ಬರುವ ದಿನ, ಶಹಾಬಾದಿನ ನಮ್ಮ ಮನೆಗೆ ಬಂದಳು. ಅದಕ್ಕೆ ಮೊದಲು ಬಂದವರೆಲ್ಲ ಬಣ್ಣ ಕಡಿಮೆಯೆಂದು ನನ್ನನ್ನು ಬಿಟ್ಟು ಹೋಗಿದ್ದರು. ಅಪ್ಪ ಕೈ ಹಿಸುಕಿಕೊಳ್ಳುತ್ತ ಬಾಗಿಲಲ್ಲೇ ನಿಂತಿದ್ದ.

ಗಂಡಿನ ತಾಯಿ ನನ್ನನ್ನು ನಡೆಸಿದಳು, ಹಾಡಿಸಿದಳು, ಜಡೆ ಎಳೆದು ಅದು ನನ್ನದೇ ಹೌದೋ ಅಲ್ಲವೋ ನೋಡಿದಳು. ಗಂಡು ಮಾತ್ರ ತಲೆಯೆತ್ತದೆ ಶೇಂಗಾ ಉಂಡಿ ತಿನ್ನುತ್ತಿದ್ದ. ಕೊನೆಗೆ ತಾಯಿ, "ಹುಡುಗಿ ಬಣ್ಣ ಜರಾ ಕಡಿಮಿ ಅದ. ವಿಚಾರ ಮಾಡಿ ಹೇಳ್ತೀವ್ರಿ" ಎಂದಳು.

ಅತ್ತೆ ಸೆರಗು ಬಿಗಿದು ಮುಂದೆ ಬಂದಳು. "ತಮ್ಮಾ, ನೀ ಜರಾ ಎದ್ದು ನಡಿ ನೋಡೂಣು."

ಅವನು ಎದ್ದೇಬಿಟ್ಟ! ಉಂಡಿ ಹಿಡಿದುಕೊಂಡೇ ಬಾಗಿಲವರೆಗೆ ಹೋಗಿ ತಿರುಗಿ ಬಂದ.

"ಈಗ ಒಂದು ಹಾಡು ಹೇಳು."

ಅವನು ತಾಯಿಯ ಮುಖ ನೋಡಿದ. "ಅವ್ವಾ, ಹೇಳ್ಲ್ಯಾ?"

"ಫೇಲ್!" ಎಂದಳು ಅತ್ತೆ.

ಗಂಡಿನವರು ಚಹಾ ಕುಡಿಯದೆ ಎದ್ದು ಹೋದರು. "ಅಕ್ಕಾ, ಏನ್ ಮಾಡಿಬಿಟ್ಟಿ ನೀ! ಇನ್ನ ಯಾರು ಬರ್ತಾರ?" ಎಂದು ಅಪ್ಪ ತಲೆಯ ಮೇಲೆ ಕೈ ಹೊತ್ತು ಕೂತ. ನಗು ಬಂದರೂ ನಗಲಾಗದೆ ನಾನು ಅಡುಗೆಮನೆಗೆ ಹೋಗಿ, ಉಟ್ಟ ಇಳಕಲ್ ಸೀರೆಯಲ್ಲೇ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ.

ಅತ್ತೆ ಬಂದು ಪಕ್ಕದಲ್ಲಿ ಕೂತಳು. ರೊಟ್ಟಿ ಮುರಿದು, ಪುಂಡಿಪಲ್ಯ ಹಚ್ಚಿ, ತುತ್ತನ್ನು ನನ್ನ ಬಾಯಿಯ ಹತ್ತಿರ ಹಿಡಿದಳು.

"ಉಣ್ಣು. ಮುಂಜಾನಿಂದ ಹಸದು ಕುಂತೀದಿ, ಒಬ್ಬರಾದ್ರೂ ಕೇಳಿದ್ರೇನು? ನಿಮ್ಮ ಮಾಮಾ ನನ್ನ ನೋಡಾಕ ಬಂದಾಗ ನಡಸಲಿಲ್ಲ, ಹಾಡಸಲಿಲ್ಲ. ಮಾರಿ ನೋಡಿ, 'ಉಂಡೀ ಏನು?' ಅಂದ್ರು. ಅಷ್ಟ."

ಸೆರಗಿನಿಂದ ನನ್ನ ಕಣ್ಣೊರೆಸಿ, ಅದೇ ಸೆರಗನ್ನು ತನ್ನ ಕಣ್ಣಿಗೂ ಒತ್ತಿಕೊಂಡಳು.

"ಹಂಗ ಕೇಳಾಂವ ಬರೋತನಕ, ಅವ್ವಾ, ನಿನಗ ಏನೂ ಗಡಿಬಿಡಿ ಇಲ್ಲ."