ಎಡಚನ ಕತ್ತರಿ

ಶೋಧನನಿಗೆ ವಯಸ್ಸಾಗಿರಲಿಲ್ಲ, ಅವನ ಹೆಬ್ಬೆರಳಿಗೆ ಆಗಿತ್ತು. ಮೂಡುಬಿದಿರೆಯಲ್ಲಿ ಅವನದೊಂದು ಸಲೂನ್. ಹುಟ್ಟಾ ಎಡಚನಾದ ಅವನು ಕೆಲಸ ಕಲಿತಂದಿನಿಂದ ಬಲಗೈಯವರ ಕತ್ತರಿಯನ್ನೇ ಎಡಗೈಯಲ್ಲಿ ಹಿಡಿದು, ಹೆಬ್ಬೆರಳನ್ನು ಹೊರಳಿಸಿ ಒತ್ತಿ, ಊರಿನ ತಲೆಗಳನ್ನೆಲ್ಲ ಚಂದ ಮಾಡಿದ್ದ. ಈಗ ಬಾಚಣಿಗೆ ಎತ್ತಿದರೂ ನೋವು. ಬಂಟ್ವಾಳದ ಡಾಕ್ಟರು ಬೆರಳು ಒತ್ತಿ ನೋಡಿ, "ಕತ್ತರಿ ಬದಲಾಯಿಸಿ. ಇಲ್ಲದಿದ್ರೆ ಕಸುಬು ಬದಲಾಯಿಸಬೇಕಾಗ್ತದೆ" ಎಂದುಬಿಟ್ಟರು.

ಬೇರೆ ಕಸುಬು ಗೊತ್ತಿಲ್ಲದ ಶೋಧನ್ ಹೆದರಿಹೋದ. ಬೆರಳಿಗೆ ನೂಲು ಸುತ್ತಿ ಅಳತೆ ತೆಗೆದು, ಮೊಬೈಲಿನಲ್ಲಿ ಹುಡುಕಿ, ಎಡಚರಿಗೆಂದೇ ಮಾಡಿದ ಕತ್ತರಿ ತರಿಸಿದ. ನಾಯಿಯ ರೋಮಕ್ಕೂ ಒಳ್ಳೆಯದೆಂದು ಅದರ ಜಾಹೀರಾತಿನಲ್ಲಿ ಬರೆದಿತ್ತು. ಆ ಧೈರ್ಯದಲ್ಲಿ, ಹಿಂದಿನ ಬೀದಿಯ ಯಶೋಧಮ್ಮನವರಿಗೆ ಪಾರ್ಸೆಲ್ ಬರುವ ದಿನವೇ ತಮ್ಮ ನಾಯಿಯನ್ನು ಕರೆತರಲು ಹೇಳಿದ್ದ.

ನಮ್ಮಲ್ಲಿ ಪಾರ್ಸೆಲ್ ಒಡೆಯುವುದು ಒಬ್ಬರಿಂದ ಆಗುವ ಕೆಲಸವಲ್ಲ. ಪಕ್ಕದ ಹೋಟೆಲಿನ ಚಿನ್ನಯ್ಯ ತಲೆಕೂದಲು ತೆಗೆಸಲೆಂದು ಆಗಲೇ ಕುರ್ಚಿಯಲ್ಲಿ ಕೂತಿದ್ದರು. ಎದುರಿನ ಟೈಲರ್ ಅಬ್ದುಲ್ ಸಮದ್ ಯಾರೂ ಕರೆಯದೆ ಬಂದರು.

"ಕೊಡು, ನೋಡುವ" ಎಂದು ಸಮದ್ ಹೊಸ ಕತ್ತರಿಯನ್ನು ಬಟ್ಟೆಯ ತುಂಡಿಗೆ ಹಾಕಿದರು. ಬಟ್ಟೆ ಅಲಗುಗಳ ನಡುವೆ ಮಡಚಿಕೊಂಡಿತು. ಚಿನ್ನಯ್ಯ ಪೇಪರಿಗೆ ಹಾಕಿದರು. ಪೇಪರ್ ಮುದುಡಿತು.

"ನಿನಗೆ ಟೊಪ್ಪಿ ಹಾಕಿದ್ದಾರೆ ಮಾರಾಯ" ಎಂದರು ಚಿನ್ನಯ್ಯ. "ವಾಪಸ್ ಕಳಿಸು."

"ಅದು ಎಡಗೈಗೆ ಮಾಡಿದ್ದು ಚಿನ್ನಯ್ಯಣ್ಣ. ತಪ್ಪು ಕತ್ತರಿಯದ್ದಲ್ಲ, ನಿಮ್ಮ ಕೈಯದ್ದು." ಇಷ್ಟು ವರ್ಷ ಎಡಚನೆಂದು ಗೇಲಿ ಮಾಡಿಸಿಕೊಂಡವನಿಗೆ ಈ ಮಾತು ಹೇಳುವಾಗ ಭಾರೀ ಖುಷಿಯಾಯಿತು. ಅದೇ ಖುಷಿಯಲ್ಲಿ ಹಳೆಯ ಕತ್ತರಿಯನ್ನು ಚಿನ್ನಯ್ಯನವರಿಗೆ ದಾನ ಮಾಡಿದ. ಅದು ಕೂಡಲೇ ಹೋಟೆಲಿನ ಹುಡುಗನ ಕೈಯಲ್ಲಿ ಅಡುಗೆಮನೆಗೆ ಹೋಗಿ ಬಂಗುಡೆ ಮೀನಿನ ಬಾಲ ಕತ್ತರಿಸತೊಡಗಿತು.

ಅಷ್ಟರಲ್ಲಿ ಯಶೋಧಮ್ಮ ನಾಯಿಯೊಂದಿಗೆ ಬಂದರು. ಅದರ ಮುಖವೆಲ್ಲ ರೋಮ. "ಕಣ್ಣು ಕಾಣುವ ಹಾಗೆ ಮಾಡಿ ಶೋಧನ್. ಪಾಪ, ಗೋಡೆಗೆ ಹೋಗಿ ಬಡೀತದೆ."

ಶೋಧನ್ ಕತ್ತರಿ ಹಿಡಿದ. ಅಳತೆ ಕೊಟ್ಟು ಮಾಡಿಸಿದ ಉಂಗುರದಂತೆ ಬೆರಳಿಗೆ ಕೂತಿತು. ಕತ್ತರಿಸಿದ. ರೋಮ ಮಡಚಿಕೊಂಡಿತು. ಮತ್ತೆ ಹಾಕಿದ, ಮತ್ತೆ ಮಡಚಿತು. ವರ್ಷಗಟ್ಟಲೆ ಹೊರಳಿಸಿ ಒತ್ತಿದ ಹೆಬ್ಬೆರಳು ಈಗಲೂ ಹೊರಳಿಸಿಯೇ ಒತ್ತುತ್ತಿತ್ತು. ಬಲಗೈ ಕತ್ತರಿಯಲ್ಲಿ ಅಲಗುಗಳನ್ನು ಸೇರಿಸುತ್ತಿದ್ದ ಆ ಒತ್ತು, ಈ ಕತ್ತರಿಯಲ್ಲಿ ಅವನ್ನು ದೂರ ಮಾಡುತ್ತಿತ್ತು.

"ತಪ್ಪು ಈಗ ಯಾರ ಕೈಯದ್ದು?" ಚಿನ್ನಯ್ಯ ಮೆಲ್ಲನೆ ಕೇಳಿದರು.

ಶೋಧನ್ ಅಳುವುದೊಂದು ಬಾಕಿ. ಯಶೋಧಮ್ಮನಿಗೆ ವಿಷಯವೆಲ್ಲ ಹೇಳಿದ. ಅವರು ಕತ್ತರಿಯನ್ನೇ ನೋಡುತ್ತಿದ್ದರು.

"ಎಡಗೈಯವರಿಗೆ ಬೇರೆ ಕತ್ತರಿ ಉಂಟಾ? ನನ್ನದೂ ಎಡಗೈಯೇ. ಕತ್ತರಿ ನನಗೆ ಆಗುವ ಕೆಲಸ ಅಲ್ಲ ಅಂತ ಸಣ್ಣದಿರುವಾಗಲೇ ಬಿಟ್ಟಿದ್ದೇನೆ. ಇಲ್ಲಿ ಕೊಡಿ."

ಕಚಕ್ ಕಚಕ್ ಎಂದಿತು. ನಾಯಿಯ ಒಂದು ಕಣ್ಣು ಹೊರಬಂತು, ಆಮೇಲೆ ಇನ್ನೊಂದು. ಎರಡೂ ಸೇರಿ ಶೋಧನನನ್ನು ನೋಡಿದವು.

"ಇಷ್ಟು ಸುಲಭವಾ? ಇನ್ನು ನಾನೇ ಮನೆಯಲ್ಲಿ ಮಾಡ್ತೇನೆ. ನನಗೂ ಇಂಥದ್ದೊಂದು ತರಿಸಿ ಕೊಡಿ" ಎಂದರು ಯಶೋಧಮ್ಮ.

ಹೊಸ ಗಿರಾಕಿಯೂ ಹೋಯಿತು, ಹೆಬ್ಬೆರಳ ನೋವೂ ಉಳಿಯಿತು. ಶೋಧನ್ ಹೇಗೋ ಧೈರ್ಯ ತಂದುಕೊಂಡ. "ಅಭ್ಯಾಸ ಮಾಡಿದ್ರೆ ಬರ್ತದೆ. ಚಿನ್ನಯ್ಯಣ್ಣ, ನಿಮ್ಮ ತಲೆಯಿಂದಲೇ ಸುರು ಮಾಡುವ."

ಚಿನ್ನಯ್ಯ ಕುರ್ಚಿಯನ್ನು ನಿಧಾನವಾಗಿ ಆಚೆ ತಿರುಗಿಸಿದರು.

"ಯಶೋಧಮ್ಮ, ನಿಮಗೆ ತೊಂದರೆ ಇಲ್ಲದಿದ್ರೆ, ನನ್ನ ಕಿವಿ ಮೇಲಿನದ್ದನ್ನೂ ಸ್ವಲ್ಪ ತೆಗೆದುಬಿಡಿ."