ರಸ್ತೆಯುಬ್ಬಿಗೂ ಸಾರಿ ಹೇಳಿದ ಮೇಡಂ

ಕೊಯಮತ್ತೂರಿನ ರಸ್ತೆಯುಬ್ಬುಗಳಿಗೆಲ್ಲ ತಾವೇ ಹೊಣೆ ಎಂದು ನಂಬಿದ್ದ ಒಬ್ಬ ಹೆಂಗಸನ್ನು ನಾನು ಬಲ್ಲೆ. ಕಾರು ಕುಪ್ಪಳಿಸಿದರೆ ಸಾಕು, 'ಸಾರಿ' ಎನ್ನುವರು. ಉಬ್ಬು ನೋಡದೆ ಓಡಿಸಿದವನು ನಾನು, ಡ್ರೈವರು. ಸಾರಿ ಮಾತ್ರ ಅವರದು. ಅನ್ನೂರು ಮುಟ್ಟುವಷ್ಟರಲ್ಲಿ ಅವರ ಗಂಟಲೇ ಒಣಗಿರುತ್ತಿತ್ತು.

ಮೇಡಂ ದೂರದ ದೇಶದವರು. ಹೆರಿಗೆ, ಬಾಣಂತನದ ವಿಷಯ ಓದುತ್ತಿದ್ದರಂತೆ. ನಮ್ಮ ಹಳ್ಳಿಗಳ ಬಸುರಿಯರನ್ನು ಕಂಡು ಮಾತಾಡಲು ಬಂದಿದ್ದರು. ತಮ್ಮ ದೇಶ ಬಿಟ್ಟು ಹೊರಗೆ ಕಾಲಿಟ್ಟದ್ದೇ ಮೊದಲ ಸಲ. ಭಾಷೆಗೆಂದು ಗೊತ್ತುಮಾಡಿದ್ದ ಹುಡುಗಿ ಮೊದಲ ದಿನವೇ ಜ್ವರ ಬಂದು ಮಲಗಿದಳು. ಹಾಗಾಗಿ ದುಭಾಷಿಯ ಕೆಲಸವೂ ನನ್ನ ತಲೆಗೆ ಬಂತು.

ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ಬರುವ ಪರದೇಶಿಗಳನ್ನು ಕೂರಿಸಿಕೊಂಡು ಓಡಾಡಿಯೇ ಇಂಗ್ಲಿಷ್ ಕಲಿತೆ. ತೋಳು ಗಿಡ್ಡವಾಗಿದೆ, ಬಣ್ಣ ಬಿಟ್ಟಿದೆ ಎಂದು ಸಲೀಸಾಗಿ ಹೇಳಬಲ್ಲೆ. ಬಸುರಿಯ ಕಾಲು ಬಾತಿದೆ ಎಂದು ಹೇಳಲು ಮಾತ್ರ ನನ್ನ ಕಾಲನ್ನೇ ಎತ್ತಿ ತೋರಿಸಬೇಕಾಯಿತು. ಅದೂ ಬೀದಿಯಲ್ಲಿ ನಿಂತು. ಬಸುರಿಯರ ಕೋಣೆಗೆ ಗಂಡಸು ನುಗ್ಗುವುದುಂಟೇ? ನಾನು ಹೊಸ್ತಿಲಾಚೆ ಬೀದಿಗೆ ಮುಖ ಮಾಡಿ ನಿಂತು ಪ್ರಶ್ನೆ ಕೂಗುತ್ತಿದ್ದೆ, ಉತ್ತರ ಬೆನ್ನ ಹಿಂದಿನಿಂದ ಬರುತ್ತಿತ್ತು.

ಕೊನೆಯ ಪ್ರಶ್ನೆ ಯಾವಾಗಲೂ ಒಂದೇ. ನೋವು ಬಂದಾಗ ನಿನ್ನ ಹತ್ತಿರ ಯಾರಿರುತ್ತಾರೆ?

"ಅಮ್ಮ."

"ಗಂಡ?"

"ಅವರು ಆಚೆ ವಂಡಿ ಹತ್ರ ಇರ್ತಾರೆ."

ವಂಡಿ ಎಂದರೆ ಗಾಡಿ. ಪ್ರತಿ ಮನೆಯಲ್ಲೂ ಗಂಡನ ಜಾಗ ವಂಡಿಯ ಹತ್ತಿರವೇ.

ಬಸುರಿಯ ಮನೆಗೆ ಬರಿಗೈಲಿ ಹೋಗಬಾರದು ಎಂದು ಎರಡನೇ ದಿನ ಮೇಡಂಗೆ ಬುದ್ಧಿ ಹೇಳಿದೆ. ನಾನು ಟೈರಿಗೆ ಗಾಳಿ ಹೊಡೆಸಿ ಬರುವಷ್ಟರಲ್ಲಿ ಅವರು ಅನ್ನೂರು ಸಂತೆಯಲ್ಲಿ ದೊಡ್ಡ ಪರಂಗಿ ಹಣ್ಣೊಂದನ್ನು ಕೊಂಡು, ಮಗುವಿನ ಹಾಗೆ ಎತ್ತಿಕೊಂಡು ಆಗಲೇ ನೇಕಾರರ ಮನೆಯೊಂದಕ್ಕೆ ನಡೆದಿದ್ದರು. ಬಸುರು ಇಳಿದುಹೋಗುತ್ತದೆಂದು ನಮ್ಮವರು ಒಂಬತ್ತು ತಿಂಗಳು ಹೆಸರೆತ್ತಲೂ ಹೆದರುವ ಹಣ್ಣು ಅದು. ಒಳಗೆ ಮಗ್ಗದ ಸದ್ದು ನಿಂತಿತು.

"ಯಾಕಮ್ಮ, ನಮ್ಮ ಮನೆ ಮೇಲೆ ನಿನಗೆ ಏನು ಕೋಪ?" ಎಂದರು ಆ ಮನೆಯ ಅತ್ತೆ.

ನಾನು ತರ್ಜುಮೆ ಮಾಡಿದೆ. ಮೇಡಂ ಅತ್ತೆಗೆ, ಸೊಸೆಗೆ, ಕೊನೆಗೆ ಹಣ್ಣಿಗೂ ಸಾರಿ ಹೇಳಿದರು. ಹಣ್ಣು ನನ್ನ ಪಾಲಿಗೆ ಬಂತು. ಮದುಕ್ಕರೆಯ ನನ್ನ ಮನೆಯಲ್ಲಿ ಮೂರು ದಿನ ಒಬ್ಬನೇ ಕೂತು ತಿಂದೆ.

ಒಬ್ಬನೇ ಯಾಕೆ ಅಂತೀರಾ? ನನ್ನ ಹೆಂಡತಿಯೂ ತುಂಬು ಬಸುರಿ. ಧಾರಾಪುರದಲ್ಲಿ, ತವರಿನಲ್ಲಿದ್ದಳು. ಅಲ್ಲಿ ಬಳೆ ತೊಡಿಸುವ ಶಾಸ್ತ್ರದ ದಿನ ನೆಂಟನೊಬ್ಬ ನನ್ನನ್ನು ನೋಡಿ, "ಡ್ರೈವರ್, ವಂಡಿಯ ಕೊಂಚ ತೆಗಿಯಪ್ಪ, ದಾರಿಗೆ ಅಡ್ಡ" ಎಂದ. ಪಕ್ಕದಲ್ಲೇ ಇದ್ದ ಹೆಂಡತಿಯ ತಮ್ಮ, ಶಾಲೆಯ ಮೇಷ್ಟ್ರು, ಇವರು ನಮ್ಮ ಭಾವ ಎಂದು ಬಾಯಿ ಬಿಡಲಿಲ್ಲ. ನಾನು ವಂಡಿ ತೆಗೆದೆ. ಮದುಕ್ಕರೆಗೆ ಬಂದೇ ನಿಲ್ಲಿಸಿದೆ. ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಹೆಂಡತಿ ಫೋನಿನಲ್ಲಿ, "ಬರಲ್ವಾ?" ಎಂದಾಗಲೆಲ್ಲ, "ಬಾಡಿಗೆ ಇದೆ" ಎನ್ನುತ್ತಿದ್ದೆ.

ಮೇಡಂ ಅವರ ಇನ್ನೊಂದು ವಿಚಿತ್ರವೆಂದರೆ, ಸಂಜೆ ಲಾಡ್ಜಿನ ಮುಂದೆ ನಿಲ್ಲಿಸಿದರೆ ಇಳಿಯುತ್ತಲೇ ಇರಲಿಲ್ಲ. ಈ ಸ್ವಿಚ್ಚಿಗೆ ನಿಮ್ಮ ಭಾಷೆಯಲ್ಲಿ ಏನಂತಾರೆ, ಆ ಗುಂಡಿಗೆ ಏನಂತಾರೆ? ವೈಪರಿನ ಹೆಸರನ್ನೇ ಮೂರು ಸಂಜೆ ಕೇಳಿದರು. ಇದೇನು ಮರೆವು ಎಂದುಕೊಂಡೆ. ನಾಲ್ಕನೇ ಸಂಜೆ ಹೊಳೆಯಿತು, ಮರೆವಲ್ಲ. ಆ ಖಾಲಿ ಕೋಣೆಗೆ ಹೋಗಲು ಅವರಿಗೆ ಮನಸ್ಸಿಲ್ಲ. ಇಷ್ಟಕ್ಕೂ ನಾನು ಯಾಕೆ ಅವಸರ ಮಾಡದೆ ವೈಪರ್ ಆಡಿಸಿ ತೋರಿಸುತ್ತಿದ್ದೆ?

ಐದನೇ ದಿನ ಧಾರಾಪುರದ ಕಡೆಯ ಹಳ್ಳಿಗಳು. ನನ್ನ ಹೆಂಡತಿಯೂ ಬಸುರಿ ಎಂದು ದಾರಿಯಲ್ಲಿ ಬಾಯಿತಪ್ಪಿ ಹೇಳಿದ್ದೆ. ಕೆಲಸ ಮುಗಿಸಿ ಕಾರಿಗೆ ಬಂದ ಮೇಡಂ ಇನ್ನೊಂದು ಹಾಳೆ ತೆಗೆದು ನನ್ನನ್ನೇ ಕೇಳತೊಡಗಿದರು. ಹೆಂಡತಿಗೆ ಎಷ್ಟು ತಿಂಗಳು? ಎಲ್ಲಿದ್ದಾಳೆ? ನೋವು ಬಂದಾಗ ಯಾರಿರುತ್ತಾರೆ?

"ಅವಳ ಅಮ್ಮ."

"ನೀವು?"

"ವಂಡಿ ಹತ್ರ," ಎಂದೆ. ಆ ವಂಡಿ ನಿಲ್ಲುವುದು ಧಾರಾಪುರದಲ್ಲಲ್ಲ, ಮದುಕ್ಕರೆಯಲ್ಲಿ ಎಂದು ಬಾಯಿಬಿಟ್ಟು ಹೇಳಬೇಕಾಯಿತು.

ಮೇಡಂ ಬರೆದುಕೊಳ್ಳಲಿಲ್ಲ. ಪೆನ್ನು ಮುಚ್ಚಿ, "ಈ ಸಲ ಹಣ್ಣು ನೀವೇ ಆರಿಸಿ" ಎಂದರು.

ದಾಳಿಂಬೆ ಹಿಡಿದು ಮಾವನ ಮನೆ ಮುಂದೆ ಇಳಿದೆ. ಮೇಷ್ಟ್ರು ಓಡಿ ಬಂದ. ನನ್ನ ಮುಖ ನೋಡಲಾರದೆ, "ಬನ್ನಿ ಭಾವ. ಬೀಗದ ಕೈ ಕೊಡಿ. ವಂಡಿಯ ನಾನು ನೆರಳಲ್ಲಿ ನಿಲ್ಲಿಸ್ತೀನಿ" ಎಂದ. ಕೊಟ್ಟೆ.

ಮೇಡಂ ಒಳಗೆ ಹೋಗಿ ಹಾಳೆ ಬಿಡಿಸಿದರು. ನಾನು ರೂಢಿಯಂತೆ ಬೀದಿಗೆ ಮುಖ ಮಾಡಿ, ನನ್ನ ಹೆಂಡತಿಗೆ ನಾನೇ ಪ್ರಶ್ನೆ ಕೂಗಿದೆ. ಕೊನೆಯದೂ ಬಂತು. ಬೆನ್ನ ಹಿಂದೆ ಬಳೆ ಸದ್ದಾಯಿತು.

"ಅಮ್ಮ ಇರ್ತಾಳೆ," ಎಂದಳು. "ಅವರು ಎಲ್ಲಿರ್ತಾರೆ ಅಂತ ಅವರನ್ನೇ ಕೇಳಿ."

ವಂಡಿಯ ಹತ್ತಿರ ಹೋಗಿ ನಿಲ್ಲೋಣವೆಂದರೆ ಅದೂ ಮೇಷ್ಟ್ರ ಕೈಯಲ್ಲಿತ್ತು. ನಾನು ಒಳಕ್ಕೆ ತಿರುಗಿದೆ. ಅವಳು ತುಂಬ ಸೊರಗಿದ್ದಳು.

"ಇಲ್ಲೇ," ಎಂದೆ. ಮೇಡಂ ತರ್ಜುಮೆ ಕೇಳದೆ ಬರೆದುಕೊಂಡರು.

ನನ್ನ ಅತ್ತೆ ಅಡುಗೆಮನೆಯಿಂದಲೇ, "ಈಯಮ್ಮ ಯಾಕೆ ರೂಮಿಗೆ ಹೋಗಬೇಕು? ಅಲ್ಲಿ ಒಬ್ಬಳೇ ಏನು ಮಾಡ್ತಾಳೆ? ಇಲ್ಲೇ ಉಂಡು ಮಲಗಲಿ" ಎಂದರು. ಅಷ್ಟನ್ನೂ ಹೇಳಿದೆ. ಮೇಡಂ ಕಾರಿಗೆ ಹೋದರು. ಆ ಸಂಜೆ ಯಾವ ಸ್ವಿಚ್ಚಿನ ಹೆಸರೂ ಕೇಳಲಿಲ್ಲ, ಬ್ಯಾಗು ಎತ್ತಿಕೊಂಡು ನೇರ ಮನೆಗೆ ಬಂದರು. ಅವಸರದಲ್ಲಿ ಹೊಸ್ತಿಲು ಎಡವಿ, ಅದಕ್ಕೂ ಸಾರಿ ಹೇಳಿದರು.

"ಪರವಾಗಿಲ್ಲ, ಬಾ ಮಗಳೇ," ಎಂದರು ಅತ್ತೆ, ಹೊಸ್ತಿಲ ಪರವಾಗಿ.